ನಾನೂರ ಹನ್ನೆರಡು ಟೇಪುಗಳ ವಿಲೇವಾರಿ

ಸೋಮವಾರ, ತಿಂಗಳ ಇಪ್ಪತ್ತಮೂರನೆಯ ತಾರೀಖು, ಬೆಳಗ್ಗೆ ೧೧.೨೦ಕ್ಕೆ ವಿಶ್ವವಿದ್ಯಾಲಯದ ಉಪ ಗ್ರಂಥಪಾಲಕರು ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಟೈಪು ಮಾಡಿದ ದೂರು, ಮುಖದಲ್ಲಿ ಇದೆಲ್ಲ ನನ್ನ ತಲೆಗೇ ಯಾಕೆ ಬಂತೋ ಎನ್ನುವ ಸಂಕಟ. ಗ್ರಂಥಾಲಯದ ನೆಲಮಾಳಿಗೆಯ ಧ್ವನಿ-ದೃಶ್ಯ ವಿಭಾಗದಿಂದ ನಾನೂರ ಹನ್ನೆರಡು ಟೇಪುಗಳೂ ಇಪ್ಪತ್ತಾರು ಫಿಲ್ಮ್ ಡಬ್ಬಿಗಳೂ ಕಳವಾಗಿವೆ ಎಂದು ದೂರಿನಲ್ಲಿತ್ತು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಮ್ಮೆಯಿಂದ ಹಿಡಿದು ಎಕ್ಸ್‌ರೇ ಯಂತ್ರದವರೆಗೆ ಎಲ್ಲ ಬಗೆಯ ಕಳವನ್ನೂ ಕಂಡಿದ್ದ. ಆದರೆ ಕಳವಾದ ಮಾಲಿನ ಮೌಲ್ಯ ಎಂಬ ಕಡೆ ಸೊನ್ನೆ ಬರೆದ ದೂರು ಇದೇ ಮೊದಲು.

"ಸೊನ್ನೇನಾ?"

"ಅವೆಲ್ಲ ಗುಜರಿ ಸಾರ್. ಈ ಮೂವತ್ತಕ್ಕೆ ಲಾರಿ ಬಂದು ಒಯ್ಯಬೇಕಿತ್ತು."

"ಲಾರಿಗಿಂತ ಮುಂಚೆ ಬೇರೆ ಯಾರೋ ಒಯ್ದರು. ನಿಮ್ಮ ಕೆಲಸ ಹಗುರ ಆಯ್ತಲ್ಲ. ದೂರು ಯಾಕೆ?"

ಉಪ ಗ್ರಂಥಪಾಲಕರು ಜೇಬಿನಿಂದ ಒಂದು ಲಕೋಟೆ ತೆಗೆದರು. ಶನಿವಾರದ ಅಂಚೆಯಲ್ಲಿ ಕುಲಸಚಿವರಿಗೆ ಬಂದ ಪತ್ರ. ಒಂದು ಪುಟ, ಟೈಪು ಮಾಡಿದ್ದು, ಸಹಿ ಇಲ್ಲ. ನೆಲಮಾಳಿಗೆಯ ಟೇಪುಗಳು ಕಳವಾಗಿವೆ, ಸೋಮವಾರ ಮಧ್ಯಾಹ್ನದೊಳಗೆ ಪೊಲೀಸರಿಗೆ ದೂರು ಹೋಗದಿದ್ದರೆ ಎಲ್ಲ ಪತ್ರಿಕೆಗಳಿಗೂ ಸುದ್ದಿ ಹೋಗುತ್ತದೆ ಎಂದು ಅದು ಬೆದರಿಸಿತ್ತು. ಅಲ್ಲಿಯವರೆಗೆ ಆ ಕಪಾಟುಗಳು ಖಾಲಿಯಾಗಿರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪತ್ರ ಓದಿದ ಮೇಲೇ ಇಳಿದು ನೋಡಿದ್ದು ಎಂದು ಉಪ ಗ್ರಂಥಪಾಲಕರು ತಲೆ ತಗ್ಗಿಸಿ ಒಪ್ಪಿಕೊಂಡರು.

ಕಳವಾಗಿದೆ ಎಂದು ಮಾಲೀಕನಿಗೇ ತಿಳಿಸಿ, ದೂರು ಕೊಡು ಎಂದು ಗದರಿಸುವ ಕಳ್ಳ. ಇನ್ಸ್‌ಪೆಕ್ಟರನಿಗೆ ಹುಮ್ಮಸ್ಸು ಬಂತು. ಮೂಲೆಯ ಮೇಜಿನಲ್ಲಿ ಠಾಣೆಯ ದಾಖಲೆ ಬರೆಯುವ ರೈಟರ್ ಕಡೆ ತಿರುಗಿ, "ಬರ್ಕೊಂಡ್ರಾ?" ಎಂದ.

"ಬರ್ಕೊಂಡೆ ಸಾರ್."

ಇದು ಆ ಠಾಣೆಯ ದಿನನಿತ್ಯದ ಮಾತು. ಇನ್ಸ್‌ಪೆಕ್ಟರ್ ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದ, ರೈಟರ್ ನಲವತ್ತು ಸಲವೂ ತಲೆ ಎತ್ತದೆ ಹಾಗೆಯೇ ಉತ್ತರಿಸುತ್ತಿದ್ದ. ೧೧.೫೦ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ದೂರಿನ ಜೊತೆ ಕುಲಸಚಿವರ ಹಳೆಯ ಆದೇಶದ ಪ್ರತಿಯೂ ಇತ್ತು. ನೆಲಮಾಳಿಗೆಯನ್ನು ಕಂಪ್ಯೂಟರ್ ಓದುಕೋಣೆಯಾಗಿ ಪರಿವರ್ತಿಸಲಿರುವುದರಿಂದ ಅಲ್ಲಿನ ಎಲ್ಲ ಹಳೆಯ ಟೇಪು ಮತ್ತು ಫಿಲ್ಮುಗಳನ್ನು ತಿಂಗಳ ಮೂವತ್ತರೊಳಗೆ ವಿಲೇವಾರಿ ಮಾಡತಕ್ಕದ್ದು.

ಮಧ್ಯಾಹ್ನ ೧೨.೪೫ಕ್ಕೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರನ ಜೊತೆ ರೈಟರ್, ಮಹಿಳಾ ಕಾನ್‌ಸ್ಟೇಬಲ್, ಮತ್ತು ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ದಫೇದಾರ. ನೆಲಮಾಳಿಗೆಗೆ ಇಳಿಯುತ್ತಿದ್ದಂತೆ ಯಾರೋ ವಿನೆಗರ್ ಬಾಟಲಿ ಒಡೆದಂಥ ಹುಳಿ ವಾಸನೆ ಮೂಗಿಗೆ ಅಡರಿತು. ಹಳೆಯ ಫಿಲ್ಮು ಕೊಳೆಯುವಾಗ ಬರುವ ವಾಸನೆ ಅದು, ಡಬ್ಬಿ ಹೋದರೂ ಗೋಡೆ ಬಿಡುವುದಿಲ್ಲ ಎಂದು ಒಳಗಿನಿಂದ ಒಂದು ಹೆಂಗಸಿನ ದನಿ ಹೇಳಿತು.

ಆಕೆಯೇ ವಿಭಾಗದ ತಂತ್ರಜ್ಞೆ. ಐವತ್ತೇಳು ವರ್ಷ, ಅದರಲ್ಲಿ ಮೂವತ್ತಮೂರು ಈ ನೆಲಮಾಳಿಗೆಯಲ್ಲೇ ಕಳೆದದ್ದು. ಕೈಗೆ ಬಿಳಿ ಹತ್ತಿಯ ಗವಸು, ಕನ್ನಡಕಕ್ಕೆ ದಾರದ ಬದಲು ಕಂದು ಬಣ್ಣದ ಹಳೇ ಟೇಪಿನ ತುಂಡು. ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಆಕೆ ರೀಲಕ್ಕ. ಆ ಹೆಸರು ಸುಳ್ಳು ಹೇಳುವವರಿಗೆ ಇಡುವಂಥದ್ದು ಎಂದು ದಫೇದಾರ ಮುಸಿಮುಸಿ ನಕ್ಕ. ಆಕೆ ಕೇಳಿಸಿಕೊಂಡರೂ ಸೊಪ್ಪು ಹಾಕಲಿಲ್ಲ.

"ಟೇಪುಗಳನ್ನ ಕೊನೇ ಸಲ ಯಾವಾಗ ನೋಡಿದ್ರಿ?"

"ದಿನಾ ನೋಡ್ತೀನಿ."

ನೋಡ್ತಿದ್ದೆ ಎನ್ನಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಮನಸ್ಸಿನ ಮೂಲೆಯಲ್ಲಿಟ್ಟುಕೊಂಡ.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ಉಪ ಗ್ರಂಥಪಾಲಕರ ಹತ್ರ ಒಂದು. ಅವರದು ಎಲ್ಲಿದೆ ಅಂತ ಅವರನ್ನೇ ಕೇಳಿ."

ಉಪ ಗ್ರಂಥಪಾಲಕರು ಜೇಬು ತಡಕಾಡಿದರು.

"ಯಾರ ಮೇಲಾದರೂ ಅನುಮಾನ ಇದೆಯಾ ಅಮ್ಮಾ?"

"ಯಾರ ಮೇಲೂ ಇಲ್ಲ. ಕಳವಾಗಿದೆ ಅಂತ ಇವರೇ ಬರೆದುಕೊಟ್ಟಿದಾರಲ್ಲ, ಅದೇ ಸಂತೋಷ. ಕಸ ಕಳವಾಗೋದಿಲ್ಲ ಸಾರ್. ಕಳವಾಗೋದು ಆಸ್ತಿ."

ಉಪ ಗ್ರಂಥಪಾಲಕರ ಮುಖ ಕೆಂಪಾಯಿತು. ಇನ್ಸ್‌ಪೆಕ್ಟರ್ ಕೋಣೆಯನ್ನು ನೋಡಿದ. ಖಾಲಿ ಕಪಾಟುಗಳ ಮೇಲೆ ಚೂರೂ ಧೂಳಿಲ್ಲ. ಅವಸರದಲ್ಲಿ ದೋಚಿದವರು ಕಪಾಟು ಒರೆಸಿ ಹೋಗುವುದಿಲ್ಲ. ಗೋಡೆಯ ಬದಿಗೆ ಮರದ ಪೆಟ್ಟಿಗೆಗಳಲ್ಲಿ ಸೂಚಿ ಕಾರ್ಡುಗಳಿದ್ದವು, ಒಂದು ಟೇಪಿಗೆ ಒಂದರಂತೆ. ಒಂದನ್ನು ಎಳೆದು ಓದಿದ: ಬಾವಿ ತೋಡುವವನ ಸಂದರ್ಶನ, ಕಲ್ಲಿನ ಸದ್ದಿನಿಂದ ನೀರು ಗುರುತಿಸುವ ಬಗೆ. ಇನ್ನೊಂದು: ಬೆಂಕಿಪೊಟ್ಟಣ ಕಾರ್ಖಾನೆಯ ಹೆಂಗಸರ ಸಭೆ. ಮತ್ತೊಂದು: ನಿವೃತ್ತ ದಫೇದಾರರ ನೆನಪುಗಳು. ನಮ್ಮ ದಫೇದಾರನ ಕಿವಿ ನೆಟ್ಟಗಾಯಿತು. ಒಂದೊಂದು ಕಾರ್ಡಿನ ಬಲ ಮೂಲೆಯಲ್ಲೂ ಪುಟ್ಟ ಅಕ್ಷರದಲ್ಲಿ ಅವಧಿ ನಮೂದಾಗಿತ್ತು. ಅವಧಿ ೪೨-೧೦. ಅವಧಿ ೩೧-೦೫. ನಿಮಿಷ, ಸೆಕೆಂಡು.

ಇನ್ಸ್‌ಪೆಕ್ಟರ್ ಜೇಬಿನಿಂದ ಆ ಸಹಿಯಿಲ್ಲದ ಪತ್ರ ತೆಗೆದ. ಬಲ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಟೈಪಾಗಿತ್ತು: ಅವಧಿ ೧-೪೦. ಬೆಳಗ್ಗೆ ಅದು ಯಾವುದೋ ಕಡತದ ಸಂಖ್ಯೆ ಇರಬೇಕೆಂದು ಅವನು ಬಿಟ್ಟುಬಿಟ್ಟಿದ್ದ.

ಠಾಣೆಗೆ ಮರಳಿ ಗಡಿಯಾರ ಮುಂದಿಟ್ಟುಕೊಂಡು ಮಹಿಳಾ ಕಾನ್‌ಸ್ಟೇಬಲ್ ಕೈಯಲ್ಲಿ ಪತ್ರವನ್ನು ಗಟ್ಟಿಯಾಗಿ ಓದಿಸಿದ. ಮೊದಲ ಸಲ ಆಕೆ ಪೆರೇಡಿನ ವೇಗದಲ್ಲಿ ಓದಿ ಒಂದು ನಿಮಿಷಕ್ಕೆ ಮುಗಿಸಿದಳು. ಅವಸರ ಇಲ್ಲದೆ, ಮನುಷ್ಯರಿಗೆ ಓದಿದ ಹಾಗೆ ಓದು ಎಂದ. ಸರಿಯಾಗಿ ಒಂದು ನಿಮಿಷ ನಲವತ್ತು ಸೆಕೆಂಡು.

ಮಂಗಳವಾರ, ಇಪ್ಪತ್ತನಾಲ್ಕು, ಬೆಳಗ್ಗೆ ೧೦ಕ್ಕೆ ಗ್ರಂಥಾಲಯದ ಗೇಟಿನ ಕಾವಲುಗಾರನ ವಿಚಾರಣೆ. ಸಂಜೆ ಹೊರಡುವಾಗ ರೀಲಕ್ಕನ ಸ್ಕೂಟರಿನಲ್ಲಿ ಏನಿರುತ್ತಿತ್ತು?

"ಊಟದ ಬ್ಯಾಗು ಸಾರ್. ಎರಡು."

"ಒಬ್ಬರಿಗೆ ಎರಡು ಬ್ಯಾಗು ಊಟನಾ?"

"ಇಷ್ಟು ತಿಂದರೂ ಕಡ್ಡಿ ಹಾಗಿದಾರಲ್ಲ ಅಂತ ನನಗೂ ಅನುಮಾನ ಇತ್ತು ಸಾರ್."

ಎಷ್ಟು ದಿನದಿಂದ ಎಂದಾಗ ತಿಂಗಳಾಯಿತು ಎಂದ. ಆದೇಶ ಹೊರಟದ್ದೂ ತಿಂಗಳ ಹಿಂದೆ. ಇಪ್ಪತ್ತಾರು ಕೆಲಸದ ದಿನ, ದಿನಕ್ಕೆ ಸುಮಾರು ಹದಿನಾರು ಟೇಪು, ಒಂದು ಡಬ್ಬಿ. ಇನ್ಸ್‌ಪೆಕ್ಟರ್ ಬೆರಳು ಮಡಿಸಿ ಲೆಕ್ಕ ನೋಡಿದ, ತಾಳೆಯಾಯಿತು. ಮಧ್ಯಾಹ್ನ ಕುಲಸಚಿವರ ಕಚೇರಿಯಿಂದ ರೀಲಕ್ಕನ ಕಡತ ತರಿಸಿದ. ಟೇಪುಗಳನ್ನು ಪ್ರತಿ ಮಾಡಿ ಉಳಿಸಿಕೊಳ್ಳಲು ಅನುಮತಿ ಕೋರಿ ಆರು ವರ್ಷಗಳಲ್ಲಿ ಆಕೆ ಬರೆದ ಹದಿನೇಳು ಅರ್ಜಿಗಳು ಅದರಲ್ಲಿದ್ದವು. ಹದಿನೇಳರ ಮೇಲೂ ಒಂದೇ ಮಾತು, ಪರಿಶೀಲಿಸಲಾಗುವುದು. ಹದಿನೇಳರ ಬಲ ಮೂಲೆಯಲ್ಲೂ ಅವಧಿ. ಮೊದಲ ಅರ್ಜಿ ಒಂಬತ್ತು ನಿಮಿಷದ್ದು, ಕೊನೆಯದು ಇಪ್ಪತ್ತು ಸೆಕೆಂಡಿನದು. ಓದುತ್ತಾ ಹೋದಂತೆ ಇನ್ಸ್‌ಪೆಕ್ಟರನಿಗೆ ತನ್ನ ಮೇಲಧಿಕಾರಿಗಳಿಗೆ ತಾನೇ ಬರೆದ ಕೆಲವು ಪತ್ರಗಳು ನೆನಪಾದವು.

ಬುಧವಾರ, ಇಪ್ಪತ್ತೈದು, ಬೆಳಗ್ಗೆ ೯.೧೦. ಶೋಧನಾ ವಾರಂಟಿನೊಂದಿಗೆ ರೀಲಕ್ಕನ ಮನೆ. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ಅಕ್ಕತಂಗಿಯರ ವಾಸ. ಪಂಚನಾಮೆಗೆ ಸಾಕ್ಷಿಗಳಾಗಿ ಬೀಗ ರಿಪೇರಿಯವನೂ ಜೆರಾಕ್ಸ್ ಅಂಗಡಿಯವನೂ ಬಂದರು. ಅಕ್ಕ ಹೊಲಿಗೆ ಯಂತ್ರದಿಂದ ಕಾಲು ತೆಗೆಯಲಿಲ್ಲ.

"ಮೇಲೆ ಇದಾಳೆ, ಹೋಗಿ. ಚಪ್ಪಲಿ ಬೂಟು ಇಲ್ಲೇ ಬಿಡಿ. ಧೂಳು ಆಗಲ್ಲ ಅವಕ್ಕೆ."

ಇಲಾಖೆಯ ಇತಿಹಾಸದಲ್ಲಿ ಶೋಧನೆಗೆ ಬರಿಗಾಲಲ್ಲಿ ಹೋದವರು ಇದ್ದಾರೋ ಇಲ್ಲವೋ, ಇವರಂತೂ ಹೋದರು. ಮೇಲಿನ ದೊಡ್ಡ ಕೋಣೆಯ ಕಿಟಕಿಗಳಿಗೆ ದಪ್ಪ ಪರದೆ. ಮೂರು ಗೋಡೆಗೂ ಹಲಗೆ ಬಡಿದು ಅದರಲ್ಲಿ ಟೇಪುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿತ್ತು. ಒಂದೊಂದಕ್ಕೂ ಹೊಲಿಗೆ ಅಂಗಡಿಯಲ್ಲಿ ಮಿಕ್ಕ ಬಟ್ಟೆಯ ಚೀಲ, ಹೂವಿನದು, ಚೌಕಳಿಯದು, ಮಕ್ಕಳ ಅಂಗಿಯ ಆನೆ ಚಿತ್ರದ್ದು. ಫಿಲ್ಮ್ ಡಬ್ಬಿಗಳು ಟೇಪುಗಳಿಂದ ದೂರ, ಗಾಳಿಯಾಡುವ ಮೂಲೆಯಲ್ಲಿದ್ದವು. ಮೇಜಿನ ಮೇಲೆ ಮೂರು ಸತ್ತ ಯಂತ್ರಗಳನ್ನು ಸೇರಿಸಿ ಬದುಕಿಸಿದ ಒಂದು ಟೇಪು ಯಂತ್ರ, ಪಕ್ಕದಲ್ಲಿ ಕಂಪ್ಯೂಟರ್. ನೆಲದ ಮೇಲೆ ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆಯೊಂದು ಗುಂಯ್ ಎನ್ನುತ್ತಿತ್ತು. ದಫೇದಾರ ಬಗ್ಗಿ ನೋಡಿ ಹೌಹಾರಿದ. ಒಳಗೆ ನಾಲ್ಕು ಟೇಪುಗಳು ಬೇಯುತ್ತಿದ್ದವು.

"ಸಾರ್, ಸಾಕ್ಷ್ಯ ಸುಡ್ತಿದಾರೆ!" ಎಂದು ಸ್ವಿಚ್ಚಿಗೆ ಕೈ ಹಾಕಿದ.

"ಮುಟ್ಟಬೇಡಿ." ರೀಲಕ್ಕ ದನಿ ಏರಿಸಲಿಲ್ಲ, ಆದರೂ ದಫೇದಾರನ ಕೈ ಅಲ್ಲೇ ನಿಂತಿತು. "ಇನ್ನೂ ಮೂರು ಗಂಟೆ ಇದೆ. ಈಗ ಆರಿಸಿದರೆ ನಾಲ್ಕೂ ಹಾಳು. ಅರೆಸ್ಟ್ ಮಾಡೋದಾದ್ರೆ ಮಾಡಿ, ನಾನೆಲ್ಲೂ ಓಡಿಹೋಗಲ್ಲ. ಪೆಟ್ಟಿಗೆ ಮಾತ್ರ ಆರಿಸಬೇಡಿ."

ಹಳೆಯ ಟೇಪಿನ ಅಂಟು ತೇವ ಹೀರಿಕೊಂಡು ಜಿಗುಟಾಗುತ್ತದೆ, ಹಾಗೇ ಯಂತ್ರಕ್ಕೆ ಹಾಕಿದರೆ ಧ್ವನಿಯ ಪದರವೇ ಕಿತ್ತು ಬರುತ್ತದೆ. ಐವತ್ತು ಡಿಗ್ರಿ ಶಾಖದಲ್ಲಿ ಎಂಟು ಗಂಟೆ ಇಟ್ಟರೆ ಕೆಲವು ವಾರ ಮಾತಾಡುತ್ತದೆ, ಅಷ್ಟರಲ್ಲಿ ಪ್ರತಿ ಮಾಡಿಕೊಳ್ಳಬೇಕು. ಇಷ್ಟನ್ನು ಆಕೆ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ಇನ್ನೂರ ಎಂಬತ್ತೇಳು ಮುಗಿದಿದ್ದವು. ನೂರ ಇಪ್ಪತ್ತೈದು ಬಾಕಿ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, ಪೆಟ್ಟಿಗೆ ಮಧ್ಯಾಹ್ನ ೧೨.೩೦ರವರೆಗೆ ಚಾಲೂ ಇರಲಿ ಎಂದು ಪಂಚನಾಮೆಯಲ್ಲೇ ನಮೂದಿಸಲು ಹೇಳಿದ. "ಬರ್ಕೊಂಡ್ರಾ?"

ಆ ಮಾತು ಕಿವಿಗೆ ಬಿದ್ದಾಗ ರೀಲಕ್ಕ ಒಮ್ಮೆ ತಟ್ಟನೆ ತಲೆಯೆತ್ತಿ ಇನ್ಸ್‌ಪೆಕ್ಟರನ ಮುಖ ನೋಡಿದರು. ಯಾಕೆಂದು ಅವನಿಗೆ ಆಗ ತಿಳಿಯಲಿಲ್ಲ.

"ಕದ್ದಿದ್ದು ಒಪ್ಕೋತೀರಾ?"

"ಒಯ್ದಿದ್ದು ಒಪ್ಕೋತೀನಿ. ವಿಲೇವಾರಿ ಮಾಡಿ ಅಂತ ಆದೇಶ ಬಂತು, ಮಾಡ್ತಿದೀನಿ. ನಿಮ್ಮಲ್ಲಿ ಕಡತ ವಿಲೇವಾರಿ ಅಂದ್ರೆ ಏನು ಸಾರ್, ಸುಡೋದಾ?"

"ಅಲ್ಲ. ಓದಿ, ಆಗಬೇಕಾದ್ದು ಮಾಡಿ ಮುಗಿಸೋದು."

"ನಾನೂ ಅಷ್ಟೇ. ಒಂದೊಂದನ್ನೂ ಕೇಳಿ, ಆಗಬೇಕಾದ್ದು ಮಾಡಿ ಮುಗಿಸ್ತಿದೀನಿ. ಆದೇಶದಲ್ಲಿ ಗುಜರಿ ಅನ್ನೋ ಪದ ಎಲ್ಲಿದೆ ತೋರಿಸಿ."

ಜೆರಾಕ್ಸ್ ಅಂಗಡಿಯವನು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಇನ್ಸ್‌ಪೆಕ್ಟರನಿಗೂ ನಗು ಬಂತು, ತಡೆದುಕೊಂಡ. ಅದು ಸರಿ, ಸಹಿಯಿಲ್ಲದ ಪತ್ರ ಯಾಕೆ? ಸುಮ್ಮನಿದ್ದರೆ ಲಾರಿ ಬಂದಾಗಲೇ ಗೊತ್ತಾಗುತ್ತಿತ್ತು, ಗೊತ್ತಾದರೂ ಕುಲಸಚಿವರು ಕೈ ತೊಳೆದುಕೊಂಡು ಸುಮ್ಮನಾಗುತ್ತಿದ್ದರಲ್ಲ ಎಂದ.

"ಅದಕ್ಕೇ. ಅವರು ಸುಮ್ಮನಾದರೆ ಇವು ಇವತ್ತು ನನ್ನ ಮನೇಲಿ, ನಾಳೆ ನಾನು ಸತ್ತರೆ ಬೀದೀಲಿ. ಕಸ ಅಂದ್ರೆ ಲಾರಿ ಬರುತ್ತೆ ಸಾರ್. ಕಳವು ಅಂದ್ರೆ ನೀವು ಬರ್ತೀರಿ." ಆಕೆ ಚೌಕಳಿ ಚೀಲದ ಟೇಪೊಂದನ್ನು ಹಲಗೆಯಿಂದ ಎಳೆದರು. "ಈ ಇನ್ನೂರ ಮೂರನೇ ಟೇಪಲ್ಲಿ ನಿಮ್ಮವರೇ ಒಬ್ಬರು ಹೇಳಿದಾರೆ. ಒಂದು ಸಲ ಕೇಸಿನ ಮುದ್ದೆಮಾಲು ಅಂತ ಚೀಟಿ ಅಂಟಿಸಿದರೆ ಮುಗೀತು, ಕೋರ್ಟು ಹೇಳೋವರೆಗೂ ಹರಕು ಚಪ್ಪಲಿನೂ ಯಾರೂ ಬಿಸಾಡೋ ಹಾಗಿಲ್ಲ ಅಂತ. ಇಪ್ಪತ್ತು ವರ್ಷ ಒಂದು ಸೈಕಲ್ ಕಾದರಂತೆ ಅವರು."

ದಫೇದಾರ ಹತ್ತಿರ ಬಂದು ಚೀಟಿ ನೋಡಿದ. ಆ ಸೈಕಲ್ ಅವನಿಗೆ ಗೊತ್ತಿತ್ತು. ಅವನು ಕೆಲಸಕ್ಕೆ ಸೇರಿದ ವರ್ಷ ಅವನ ಕಾಲಿಗೆ ದಿನಾ ತೊಡರುತ್ತಿದ್ದ ಸೈಕಲ್ ಅದು.

ಎರಡು ದಿನ ಮುಂಚಿತವಾಗಿ ಬಂದಿರಿ ಎಂಬುದೊಂದೇ ರೀಲಕ್ಕನ ದೂರಾಗಿತ್ತು. ಶುಕ್ರವಾರ ತಾನೇ ಠಾಣೆಗೆ ಬರುವವರಿದ್ದರಂತೆ. ಹೇಗೆ ಸಿಕ್ಕಿಬಿದ್ದೆ ಎಂದು ಕೇಳಿದರು. ಇನ್ಸ್‌ಪೆಕ್ಟರ್ ಪತ್ರದ ಬಲ ಮೂಲೆ ತೋರಿಸಿದಾಗ ಆಕೆ ಹಣೆ ಚಚ್ಚಿಕೊಂಡರು. ಆ ಒಂದು ತಪ್ಪು ಮಾತ್ರ ಬೇಕೆಂದು ಮಾಡಿದ್ದಲ್ಲ, ಕೈಯ ಚಾಳಿ.

ಜಪ್ತಿ ಪಂಚನಾಮೆ ಶುರುವಾಯಿತು. ಯಾವುದು ಮೊದಲ ಬಾಬತ್ತು ಎಂದು ರೈಟರ್ ಕೇಳಿದಾಗ ರೀಲಕ್ಕ ಆನೆ ಚಿತ್ರದ ಚೀಲದಿಂದ ಒಂದು ಟೇಪು ತೆಗೆದುಕೊಟ್ಟರು. ಅದರ ಮೇಲಿನ ಚೀಟಿಯಲ್ಲಿ ಹೀಗಿತ್ತು: ಕುಲಪತಿಗಳ ಭಾಷಣಗಳು, ಅವಧಿ ೪೬-೦೦. ಅದರ ಕೆಳಗೆ ಸೀಸದಕಡ್ಡಿಯಲ್ಲಿ: ಮತ್ತು ೪ ಸೆಕೆಂಡು. ಮತ್ತು ಎಂದರೇನು ಎಂದು ಇನ್ಸ್‌ಪೆಕ್ಟರ್ ಕೇಳಿದ. ಹೇಳ್ತೀನಿ, ಮೊದಲು ಬರ್ಕೊಳ್ಳಿ ಎಂದರು.

ಮಧ್ಯಾಹ್ನ ೨.೩೦ಕ್ಕೆ ಕುಲಸಚಿವರ ಫೋನು. ಟೇಪು ಸಿಕ್ಕಿದ್ದು ಸಂತೋಷ, ಹಳೇ ಸಿಬ್ಬಂದಿ, ಪಾಪ, ದೂರು ವಾಪಸು ತೆಗೆದುಕೊಳ್ಳುತ್ತೇವೆ, ಮಾಲು ಕಳಿಸಿಕೊಡಿ, ಮೂವತ್ತಕ್ಕೆ ಲಾರಿ ಹೇಗೂ ಬರುತ್ತದೆ ಎಂದು ಅವರು ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದರು. ಇನ್ಸ್‌ಪೆಕ್ಟರ್ ಎದುರಿನ ಬೆಂಚಿನ ಕಡೆ ನೋಡಿದ. ರೀಲಕ್ಕ ಗವಸು ಹಾಕಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು, ಆ ಟೇಪುಗಳ ಹಾಗೆಯೇ. ಆಕೆಯನ್ನು ಬಿಟ್ಟು ಕಳಿಸುವುದು ಸುಲಭವಿತ್ತು. ಬಿಟ್ಟರೆ ಟೇಪುಗಳು ಲಾರಿಗೆ. ಆಕೆಗೆ ಬೇಕಾದದ್ದು ಬಿಡುಗಡೆಯಲ್ಲ ಎಂಬುದು ಅವನಿಗೆ ಅರ್ಥವಾಗಿತ್ತು.

"ಎಫ್‌ಐಆರ್ ಆಗಿದೆ ಸಾರ್. ನೀವು ವಾಪಸು ತಗೊಂಡ್ರೂ ಅದು ವಾಪಸು ಆಗಲ್ಲ. ಮಾಲು ಈಗ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಮುದ್ದೆಮಾಲು ವಿಲೇವಾರಿ ಕೋರ್ಟೇ ಮಾಡಬೇಕು."

"ಯಾರ ಹತ್ತಿರ ಮಾತಾಡ್ತಿದೀರಿ ಗೊತ್ತಾ?"

"ಗೊತ್ತು ಸಾರ್. ಮಾಲಿನ ಬೆಲೆ ಸೊನ್ನೆ ಅಂತ ಬರೆದುಕೊಟ್ಟವರ ಹತ್ತಿರ."

ಫೋನಿಟ್ಟ ಮೇಲೆ ಅವನು ವರ್ಗಾವಣೆಯ ಆದೇಶ ಯಾವ ಊರಿಗೆ ಬರಬಹುದು ಎಂದು ಯೋಚಿಸಿ, ಯಾವ ಊರಾದರೂ ಸರಿಯೆಂದು ಬಿಟ್ಟ.

೪.೧೫ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಬಂಧನದ ಪತ್ರ ಓದಿ ಹೇಳಿದಳು. ರೀಲಕ್ಕ ಗವಸು ಬಿಚ್ಚಿ ಸಹಿ ಹಾಕಿದರು. ಅಕ್ಕನಿಗೆ ಸುದ್ದಿ ಮುಟ್ಟಿಸಲಾಯಿತು. ಅವಳು ಹೊಲಿದ ಚೀಲ ಎಲ್ಲಾ ಗಟ್ಟಿಯಾಗಿವೆ ಅಂತ ಹೇಳಿ ಎಂದಷ್ಟೇ ಆಕೆ ಹೇಳಿ ಕಳಿಸಿದರು. ದಫೇದಾರ ಮಾತ್ರ ತಲೆ ಕೆರೆದುಕೊಂಡ. ಠಾಣೆಯ ಮುದ್ದೆಮಾಲು ಕೋಣೆಯ ಗೋಡೆಗೆ ತೇವ, ಮೂಲೆಗೆ ಇಲಿ. ನಾನೂರ ಹನ್ನೆರಡನ್ನೂ ಅಲ್ಲಿಟ್ಟರೆ ಲಾರಿಯೇ ವಾಸಿ. ಇನ್ಸ್‌ಪೆಕ್ಟರ್ ಮ್ಯಾಜಿಸ್ಟ್ರೇಟರಿಗೆ ಕೋರಿಕೆ ಬರೆಸಿದ: ಮಾಲು ಕೆಡದಂತೆ ಇಡಲು ತಕ್ಕ ತಂಪು ಒಣ ಜಾಗ ಈ ಊರಿನಲ್ಲಿ ಒಂದೇ, ಗ್ರಂಥಾಲಯದ ನೆಲಮಾಳಿಗೆ, ಅದಕ್ಕೆ ಪೊಲೀಸ್ ಮೊಹರು ಹಾಕಿ ಅಲ್ಲೇ ಇಡಲು ಅಪ್ಪಣೆಯಾಗಬೇಕು, ಒಂದೊಂದು ಟೇಪಿನಲ್ಲೂ ಏನಿದೆ ಎಂಬುದನ್ನು ಕೇಳಿ ಪಟ್ಟಿ ಮಾಡಿಸಬೇಕು. ಮರುದಿನ ಮ್ಯಾಜಿಸ್ಟ್ರೇಟರು ಎರಡಕ್ಕೂ ಒಪ್ಪಿದರು. ಕೇಳಿ ಪಟ್ಟಿ ಮಾಡಬಲ್ಲವರು ಯಾರು ಎಂದು ವಿಚಾರಿಸಿದರೆ ಊರಿಗೆಲ್ಲ ಒಬ್ಬರೇ ಇದ್ದರು, ಅವರು ಅಂದೇ ಜಾಮೀನಿನ ಮೇಲೆ ಹೊರಬಂದ ಆರೋಪಿ. ಕಂಪ್ಯೂಟರ್ ಓದುಕೋಣೆಯ ಉದ್ಘಾಟನೆಗೆ ಮಾಡಿಸಿದ್ದ ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅದೆಲ್ಲ ಮರುದಿನದ ಮಾತು. ಬುಧವಾರ ಸಂಜೆ ೪.೫೦ಕ್ಕೆ, ಹೊರಗೆ ಇನ್ನೂ ಬಿಸಿಲಿರುವಾಗ, ಇನ್ಸ್‌ಪೆಕ್ಟರ್ ಬಾಬತ್ತು ಒಂದನ್ನು ಮೇಜಿನ ಮೇಲಿಟ್ಟು ಆ ನಾಲ್ಕು ಸೆಕೆಂಡಿನ ಕತೆ ಕೇಳಿದ.

ರೀಲಕ್ಕ ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊಸ ಟೇಪು ಕೊಳ್ಳುವ ಬದಲು ಹಳೆಯದರ ಮೇಲೇ ಧ್ವನಿ ತುಂಬುವ ಪದ್ಧತಿಯಿತ್ತು. ಕುಲಪತಿಗಳ ಭಾಷಣಗಳಿಗೆ ಒಂದು ಟೇಪು ಬೇಕು ಎಂದರು. ಮೇಲಿನವರು ಕೈಗೆ ಸಿಕ್ಕಿದ್ದನ್ನು ಕೊಟ್ಟರು, ಇಪ್ಪತ್ತನಾಲ್ಕರ ಹುಡುಗಿ ಅದರ ಮೇಲೆ ತುಂಬಿದಳು. ಬೆಂಕಿಪೊಟ್ಟಣ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಬದುಕಿ ಬಂದ ಹೆಂಗಸೊಬ್ಬಳು ಆ ಟೇಪಿನಲ್ಲಿ ನಲವತ್ತಾರು ನಿಮಿಷ ಮಾತಾಡಿದ್ದಳು. ಒಳಗೆ ಸಿಕ್ಕಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಹೇಳಿದ್ದಳು. ಹನ್ನೊಂದು ವರ್ಷದ ಮೇಲೆ ಆಕೆಯ ಮಗಳು ನೆಲಮಾಳಿಗೆಗೆ ಬಂದಳು. ತಾಯಿ ತೀರಿಕೊಂಡಿದ್ದಳು, ಒಂದು ಫೋಟೋ ಕೂಡ ಇರಲಿಲ್ಲ, ದನಿಯಾದರೂ ಇದೆಯಂತೆ, ಕೇಳಿಸ್ತೀರಾ ಎಂದಳು. ರೀಲಕ್ಕ ಟೇಪು ಹಾಕಿದರು. ಭಾಷಣ, ಚಪ್ಪಾಳೆ, ಮತ್ತೆ ಭಾಷಣ.

"ಎರಡು ಭಾಷಣದ ಮಧ್ಯೆ ಮಷಿನ್ ನಿಲ್ಲಿಸಿ, ಟೇಪನ್ನ ಕೈಯಲ್ಲಿ ಒಂದಿಷ್ಟು ಮುಂದಕ್ಕೆ ಸರಿಸಿದ್ದೆ. ಅಷ್ಟು ಅಳಿಸದೆ ಉಳಿದಿತ್ತು. ನಾಲ್ಕು ಸೆಕೆಂಡು. ಆ ಹುಡುಗಿ ಅಷ್ಟನ್ನೇ ಹದಿನೆಂಟು ಸಲ ಹಾಕಿಸ್ಕೊಂಡಳು. ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು." ರೀಲಕ್ಕ ಕನ್ನಡಕ ತೆಗೆದು ಒರೆಸಿದರು. "ಆದೇಶ ಇತ್ತು, ಪಾಲಿಸಿದೆ ಸಾರ್. ಅವತ್ತು ಯಾರೂ ನನ್ನ ಅರೆಸ್ಟ್ ಮಾಡಲಿಲ್ಲ."

ಮನೆಯಿಂದ ತಂದಿದ್ದ ಯಂತ್ರ ಮೇಜಿನ ಮೇಲಿತ್ತು. ಮೊದಲ ಬಾಬತ್ತಿನ ಪರಿಶೀಲನೆ ಎಂದು ಸಮಯ ನಮೂದಿಸಿ ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಆಕೆ ಮತ್ತೆ ಗವಸು ತೊಟ್ಟು ಟೇಪು ಹಾಕಿ ಬೇಕಾದಲ್ಲಿಗೆ ತಂದರು. ರೈಟರ್ ಎಂದಿನಂತೆ ತಲೆ ಬಗ್ಗಿಸಿ ಪಟ್ಟಿ ಬರೆಯುತ್ತಿದ್ದ. ಚಪ್ಪಾಳೆಯ ಸದ್ದು ಕತ್ತರಿಸಿದಂತೆ ನಿಂತಿತು. ಮೊದಲು ಉಸಿರು ಎಳೆದುಕೊಂಡ ಸದ್ದು, ಆಮೇಲೆ ದಣಿದ, ಆದರೆ ಗಟ್ಟಿಯಾದ ಒಂದು ಹೆಂಗಸಿನ ದನಿ.

"ಎಲ್ಲರ ಹೆಸರೂ ಬರ್ಕೊಂಡ್ರಾ?"

ರೈಟರ್ ತಲೆ ಎತ್ತದೆ ಹೇಳಿದ: "ಬರ್ಕೊಂಡೆ."

ಹೇಳಿದ ಮೇಲೆ ಅವನ ಪೆನ್ನು ನಿಂತಿತು. ಅವನ ಮುಂದಿನ ಹಾಳೆಯಲ್ಲಿ ಒಂದು ಹೆಸರೂ ಇರಲಿಲ್ಲ.